ಡಚೆಸ್‌ಳ ಅರ್ಧ ಹಾಲು

ಮಾನ್ಯ ಅಧ್ಯಕ್ಷರಾದ ಕಾನ್ ಲೆಹೇನ್ ಅವರೇ, ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಚುಟುಕಾಗಿ ಮುಗಿಸಿ ಎಲ್ಲರ ಹೊಟ್ಟೆ ತಣ್ಣಗಿಟ್ಟ ಫಾದರ್ ಡಿನೀನ್ ಅವರೇ, ಮೀಟರು ಬಾಟಲಿ ಹೊತ್ತು ಬಂದು ನಮ್ಮ ಹಸುಗಳ ಹಾಲಳೆಯುವ ಬ್ರೀಡಾ ಕ್ರೀಡನ್ ಅವರೇ, ಮತ್ತು ಆಪಲ್ ಟಾರ್ಟ್ ಯಾವಾಗ ಬರುತ್ತದೋ ಎಂದು ಅಡುಗೆಮನೆ ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

“ಹಾಲಿನ ಲೆಕ್ಕ ಇಡುವುದರಿಂದ ರೈತರಿಗೆ ಆಗುವ ಲಾಭಗಳು” ಎಂಬ ವಿಷಯವಾಗಿ ಟೂಹಿಗ್ ಮನೆಯವರು ಮಾತಾಡಬೇಕೆಂದು ನಮ್ಮ ಹಾಲು ರೈತರ ಸಂಘದ ಅಪ್ಪಣೆಯಾಗಿದೆ. ನಿಜಕ್ಕೂ ಮಾತಾಡಬೇಕಿದ್ದವರು ನನ್ನ ತಂದೆ ಜೆರೆಮಾಯ ಟೂಹಿಗ್. “ಗಂಟಲು ಕಟ್ಟಿದೆ ನೋನಿ, ನೀನೇ ಏನಾದ್ರೂ ಹೇಳ್ಬಿಡು” ಅಂದರು. ಅದೇ ಕಟ್ಟಿದ ಗಂಟಲಿನಲ್ಲಿ ಈಗ ಮುಂದಿನ ಸಾಲಿನಲ್ಲಿ ಕೂತು ಹರ್ಲಿಂಗ್ ಪಂದ್ಯದ ಬಗ್ಗೆ ಜಗಳ ಕಾಯುತ್ತಿದ್ದಾರೆ. ಕಾಯಲಿ ಬಿಡಿ. ಸ್ವಲ್ಪ ಹೊತ್ತಿಗೆ ಅವರ ಗಂಟಲು ನಿಜವಾಗಿಯೇ ಕಟ್ಟಲಿದೆ.

ಲಾಭ ಏನು? ಟ್ಯಾಂಕಿಗೆ ಬಿದ್ದ ಮೇಲೆ ಎಲ್ಲ ಹಾಲೂ ಒಂದೇ. ದುಡಿದವಳು ಯಾರು, ತಿಂದು ಮಲಗಿದವಳು ಯಾರು ಅಂತ ಟ್ಯಾಂಕು ಹೇಳುತ್ತದೆಯೇ? ಹೇಳುವುದಿಲ್ಲ. ಬ್ರೀಡಾ ಅವರ ಮೀಟರು ಹೇಳುತ್ತದೆ. ಯಾರ ಹಾಲಿನಲ್ಲಿ ಕೊಬ್ಬು ಹೆಚ್ಚು, ಯಾರದು ಬರೀ ನೀರು, ಯಾರ ಕೆಚ್ಚಲಲ್ಲಿ ಬಾವು ಶುರುವಾಗಿದೆ ಎಂಬುದನ್ನು ನಮ್ಮ ಕಣ್ಣಿಗೆ ಕಾಣುವ ಮೊದಲೇ ಆ ಪುಟ್ಟ ಬಾಟಲಿ ಹೇಳುತ್ತದೆ. ಯಾರ ಕರುವನ್ನು ಉಳಿಸಿಕೊಳ್ಳಬೇಕು, ಯಾರನ್ನು ಸಂತೆಗೆ ಹೊಡೆಯಬೇಕು ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ. ಒಂದೇ ಒಂದು ಷರತ್ತು: ಮೀಟರಿಗೆ ಮೋಸ ಮಾಡಬಾರದು. ಅಪ್ಪ, ಹರ್ಲಿಂಗ್ ಸಾಕು, ಇತ್ತ ಕೇಳಿ.

ನಮ್ಮ ಮನೆಯ ಸ್ಥಿತಿ ನಿಮಗೆ ಗೊತ್ತಿದೆ. ಬೆಳಗ್ಗೆ ಹಿಂಡುವವಳು ನಾನು, ಸಂಜೆ ಹಿಂಡುವವಳು ನಾನು, ನಡುರಾತ್ರಿ ಕರು ಎಳೆಯುವವಳೂ ನಾನೇ. ಆದರೆ ಮಂದೆ ಇರುವುದು ಅಪ್ಪನ ಹೆಸರಲ್ಲಿ. ದನದ ಹಿಂಡಿ ಮಾರಲು ಬಂದವನೂ ನನ್ನ ತಲೆಯ ಮೇಲಿಂದ ಇಣುಕಿ “ಯಜಮಾನ್ರು ಇಲ್ವಾ?” ಅನ್ನುತ್ತಾನೆ. ನನ್ನ ಹೆಸರಿಗೆ ಮಾಡಿಕೊಡಿ ಅಪ್ಪ ಅಂತ ಪ್ರತಿ ಕ್ರಿಸ್‌ಮಸ್‌ಗೆ ಕೇಳುತ್ತೇನೆ. “ಮುಂದಿನ ವರ್ಷ ನೋಡೋಣ ಕಣೇ. ಹಸು ನೋಡೋ ಕಣ್ಣು ನಿನಗಿನ್ನೂ ಬಂದಿಲ್ಲ.”

ಅಪ್ಪನ ಕಣ್ಣಿಗೆ ಚೆಂದ ಕಂಡವಳು ಡಚೆಸ್ ಎಂಬ ಹಸು. ಹುಟ್ಟುವಾಗಲೇ ತಾಯಿ ಸತ್ತಳೆಂದು ಅಡುಗೆಮನೆಯ ಒಲೆಯ ಪಕ್ಕ ಮಲಗಿಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ನನಗೆ ಅಷ್ಟು ಮುದ್ದು ಮಾಡಿದ ನೆನಪು ನನಗಂತೂ ಇಲ್ಲ. ಕಂಡರಾಗದವಳು ಸೊಟ್ಟಿ. ಕಾಲು ಸೊಟ್ಟ, ಬೆನ್ನು ಸೊಟ್ಟ, ಬುದ್ಧಿ ಇನ್ನೂ ಸೊಟ್ಟ. ಬ್ರೀಡಾ ಪ್ರತಿ ಸಲ ಅಳೆದಾಗಲೂ ಡಚೆಸ್ಸೇ ಮೊದಲು. “ನೋಡಿದ್ಯಾ, ಮಿಷನ್ನೂ ನನ್ನ ಮಾತೇ ಹೇಳುತ್ತೆ” ಅಂತ ಅಪ್ಪ ಬೀಗುತ್ತಿದ್ದರು. ಹಾಗಾಗಿ ಡಚೆಸ್‌ಳ ಹೆಣ್ಣು ಕರುಗಳೆಲ್ಲ ಮನೆಯಲ್ಲೇ ಉಳಿದವು. ಒಂದೊಂದೂ ಎಂಥ ರೂಪವತಿ! ಹಾಲು ಮಾತ್ರ ಕೇಳಬೇಡಿ. ಅವಕ್ಕೆ ಜಾಗ ಮಾಡಲು ಸೊಟ್ಟಿಯನ್ನು ಸಂತೆಗೆ ಕಳಿಸುವುದೆಂದು ತೀರ್ಮಾನವಾಯಿತು. “ಲೂರ್ದ್ ಮಾತೆಯ ಯಾತ್ರೆ ಮುಗಿಸಿ ಬಂದವನೇ ನಾನೇ ಹೊಡ್ಕೊಂಡು ಹೋಗ್ತೀನಿ” ಅಂದರು.

ಅಪ್ಪ ಲೂರ್ದ್‌ಗೆ ಹೋದರು. ಬ್ರೀಡಾ ಬರುವ ದಿನವೂ ಅದೇ ವಾರಕ್ಕೆ ಬಿತ್ತು. ಬಿತ್ತು ಅಂದರೆ... ನಾನು ಬ್ರೀಡಾಗೆ ಒಂದು ಫೋನ್ ಮಾಡಿದ್ದೆ. ಅದು ಈಗ ಯಾಕೆ ಬಿಡಿ. ಸಂಜೆ ಮೀಟರು ಹಾಕಿ ನೋಡಿದರೆ ಡಚೆಸ್‌ಳ ಹಾಲು ಅರ್ಧಕ್ಕೆ ಅರ್ಧ! ಸೊಟ್ಟಿ ಎಲ್ಲರಿಗಿಂತ ಮೇಲೆ! ಬ್ರೀಡಾ ಪಾಪ, ಮೀಟರು ಕೆಟ್ಟಿದೆ ಅಂತ ಬದಲಾಯಿಸಿದರು. ನಾನು ಲೂರ್ದ್‌ಗೆ ಫೋನ್ ಹಚ್ಚಿದೆ.

“ಅಪ್ಪಾ, ಡಚೆಸ್ ಹಾಲು ಅರ್ಧ ಇಳಿದಿದೆ. ಡಾಕ್ಟರನ್ನ ಕರೆಸ್ಲಾ?”

“ಡಾಕ್ಟರ್ ಯಾಕೆ ಶನಿ! ಬೆಳಗ್ಗೆ ಅವಳನ್ನ ಪೂರ್ತಿ ಹಿಂಡಿಬಿಟ್ಟೆಯೇನೇ?”

“ಮತ್ತೆ? ಹಿಂಡಬಾರ್ದಾ?”

ಅತ್ತ ಕಡೆ ಭಕ್ತರು ಹಾಡುವುದು ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, “ಪ್ರಾರ್ಥನೆ ಶುರುವಾಯ್ತು, ಇಡ್ತೀನಮ್ಮ” ಅಂದರು.

ಸಭಿಕರೇ, ಬ್ರೀಡಾ ಸಂಜೆ ಬರುತ್ತಾರೆಂದರೆ ಅಪ್ಪ ಬೆಳಗ್ಗೆಯೇ ಹಟ್ಟಿಗೆ ಬಂದು “ಡಚೆಸ್‌ನ ನಾನು ನೋಡ್ಕೋತೀನಿ” ಅನ್ನುತ್ತಿದ್ದರು. ಅರ್ಧ ಹಿಂಡಿ ಯಂತ್ರ ಕಳಚಿಬಿಡುತ್ತಿದ್ದರು. ಉಳಿದ ಅರ್ಧ ಸಂಜೆಯ ಲೆಕ್ಕಕ್ಕೆ! ಯಾರಿಗೆ ಮಾಡಿದ ಮೋಸ ಇದು? ಬ್ರೀಡಾಗೆ ನಷ್ಟವೇ? ಸಂಘಕ್ಕೆ ನಷ್ಟವೇ? ತನ್ನ ಹಟ್ಟಿಗೆ ತಾನೇ ಕನ್ನ ಹಾಕಿದ ಕಳ್ಳನನ್ನು ನೀವೆಲ್ಲಾದರೂ ಕಂಡಿದ್ದೀರಾ? ಮನೆಗೆ ಬಂದ ಮೇಲೆ ಕೇಳಿದೆ. “ಅವಳು ಹಿಂದೆ ಬೀಳೋದನ್ನ ನೋಡಕ್ಕಾಗಲ್ಲ ಕಣೇ” ಅಂದರು. ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಡಚೆಸ್ ಈಗಲೂ ನಮ್ಮಲ್ಲೇ ಇದ್ದಾಳೆ, ಪಿಂಚಣಿ ಪಡೆದವರ ಹಾಗೆ ಗೇಟಿನ ಬಳಿ ನಿಂತು ಎಲ್ಲರಿಗೂ ಸಲಹೆ ಕೊಡುತ್ತಿರುತ್ತಾಳೆ.

ಸೊಟ್ಟಿ ಸಂತೆಗೆ ಹೋಗಲಿಲ್ಲ. ಈ ವರ್ಷ ಸಂಘದ ಬಹುಮಾನದ ಬೆಳ್ಳಿ ಕಪ್ಪು ಸೊಟ್ಟಿಗೇ ಬಂದಿದೆ. ಕಪ್ಪಿನ ಮೇಲೆ ಕೆತ್ತಿರುವ ಹೆಸರು ನೋಡಿದಿರಾ? ಜೆರೆಮಾಯ ಟೂಹಿಗ್.

ಈಗ ನನ್ನದೊಂದು ಸಣ್ಣ ವಿನಂತಿ. ಕಪ್ಪನ್ನು ತಗೊಳ್ಳಲು ಅಪ್ಪ ವೇದಿಕೆಗೆ ಬಂದರೆ, ಸೋಮವಾರ ಮಂದೆಯನ್ನು ನನ್ನ ಹೆಸರಿಗೆ ಮಾಡಿಕೊಡಲು ಒಪ್ಪಿದ್ದಾರೆಂದು ಅರ್ಥ, ಇಡೀ ಸಭೆ ಸಾಕ್ಷಿ. ಬಾರದಿದ್ದರೆ ಕಪ್ಪು ನಾನೇ ತಗೊಳ್ಳುತ್ತೇನೆ, ನಾಳೆಯಿಂದ ಡಚೆಸ್‌ಳನ್ನೂ ಸೇರಿಸಿ ಎಲ್ಲ ಹಸುಗಳನ್ನೂ ಅವರೇ ಹಿಂಡಿಕೊಳ್ಳಲಿ. ಹಸು ನೋಡುವ ಕಣ್ಣು ಅವರಿಗಿದೆಯಲ್ಲ!

ಅಪ್ಪ, ಚಾವಣಿ ಯಾಕೆ ನೋಡುತ್ತೀರಿ? ಅಮ್ಮ, ತಳ್ಳಬೇಡ, ಅವರಾಗೇ ಏಳಲಿ. ಫಾದರ್, ನಗಬೇಡಿ, ಅವರಿಗೆ ರೇಗಿಬಿಡುತ್ತದೆ.

ಎದ್ದರು. ಬರುತ್ತಿದ್ದಾರೆ. ಎಲ್ಲರೂ ನೋಡುತ್ತಿದ್ದೀರಿ ತಾನೆ? ಅಧ್ಯಕ್ಷರೇ, ಕಪ್ಪನ್ನು ಅವರ ಕೈಗೇ ಕೊಡಿ. ಗಟ್ಟಿಯಾಗಿ ಹಿಡಿದುಕೊಳ್ಳಿ ಅಪ್ಪ. ಅಯ್ಯೋ, ಕಣ್ಣೊರೆಸಿಕೊಳ್ಳಿ, ಫೋಟೋ ತೆಗೆಯುತ್ತಿದ್ದಾರೆ.

ಇಷ್ಟು ಹೊತ್ತು ಟಾರ್ಟ್ ಮರೆತು ಕೇಳಿದ ನಿಮಗೆಲ್ಲ ವಂದನೆಗಳು. ನಾನಿನ್ನು ಹೊರಡಬೇಕು, ಬೆಳಗ್ಗೆ ಬೇಗ ಎದ್ದು ನನ್ನ ಹಸುಗಳನ್ನು ಹಿಂಡುವುದಿದೆ. ನಮಸ್ಕಾರ.