ಫೆಬ್ರವರಿ ಸಂಚಿಕೆಯಲ್ಲಿ ಜಾಗವಿರಲಿಲ್ಲ

...ಅಲ್ಲ ಅಲ್ಲ, ಆ ಕುರ್ಚಿ ಬೇಡ, ಅದು ಕ್ಲೆಮ್‌ದು. ಅದರಲ್ಲಿ ಯಾರನ್ನೂ ಕೂರಿಸಲ್ಲ ನಾನು. ಈ ಕಡೆ ಬಾ. ತಾಳು, ಕಾಗದ ಎತ್ತಿಡ್ತೀನಿ... ಏಪ್ರಿಲ್ ಸಂಚಿಕೆ ಕಣೇ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಗಂಡ ಸತ್ತು ಆರು ವಾರ ಆಗಿದೆ ಅಷ್ಟೇ, ಮೇವಿಸ್ ಆಗಲೇ ಊರಪತ್ರಿಕೆ ಹಿಡ್ಕೊಂಡು ಕೂತಿದಾಳೆ ಅನ್ಕೊಂಡ್ಯಾ? ಅನ್ಕೋ. ಇಪ್ಪತ್ತೆರಡು ವರ್ಷ ನಡೆಸಿದೀನಿ ಥಿರ್ಜಾ, ಒಂದು ತಿಂಗಳೂ ತಪ್ಪಿಸಿಲ್ಲ. ನಾನು ಬಿಟ್ರೆ ಈ ನೆದರ್ ಥಾರ್ಲಿಯಲ್ಲಿ ಇನ್ಯಾರು ಮಾಡ್ತಾರೆ? ಪಾದ್ರಿ ಮಾಡ್ತಾಳಾ? ಪಾಪ, ಅವಳಿಗೆ ಐದು ಊರಿನ ಚರ್ಚು, ಇರೋದೊಂದು ಕಾರು.

ಟೀ? ಬೇಡ್ವಾ. ಕೋಟಾದ್ರೂ ತೆಗಿ... ಅದೂ ಬೇಡ. ಸರಿ, ನಿನ್ನಿಷ್ಟ.

ಏನೇನಿದೆ ಓದ್ತೀನಿ, ಕೇಳು. ಪ್ಯಾನ್‌ಕೇಕ್ ಓಟದಲ್ಲಿ ಈ ಸಲ ಅಂಚೆ ತರೋ ನೆರಿಸ್ಸಾ ಗೆದ್ದಳು. ಬಾಣಲೇಲಿ ಎಗರಿಸಿದ ಪ್ಯಾನ್‌ಕೇಕನ್ನ ಮೂರು ಸಲ ಕೆಳಗೆ ಬೀಳಿಸಿ, ಮಣ್ಣು ಒರೆಸಿಕೊಂಡು ಓಡಿ, ಆದರೂ ಗೆದ್ದಳಂತೆ! ಊರೆಲ್ಲ ನಕ್ಕಿತಂತೆ. ನಿನಗೆ ನಗು ಬರಲ್ವಾ? ನಾನು ಹೋಗಿರಲಿಲ್ಲ. ನೀನೂ ಹೋಗಿರಲಿಲ್ಲ ಅಂದ್ರು. ಆಮೇಲೆ... ಮೇಲಿನ ಫಾರ್ಮ್‌ನಲ್ಲಿ ಒಂದೇ ಕುರಿಗೆ ನಾಲ್ಕು ಮರಿ, ನಾಲ್ಕೂ ಬದುಕಿವೆ. ಚರ್ಚಿನ ಹಿಂದಿನ ಮರಗಳಲ್ಲಿ ಕಾಗೆ ಗೂಡು ಕಟ್ಟಿವೆ, ಹೋದ ವರ್ಷಕ್ಕಿಂತ ಮೇಲಿನ ಕೊಂಬೇಲಿ. ಈಸ್ಟರ್‌ಗೆ ಹೂ ಜೋಡಿಸೋರ ಪಟ್ಟಿ...

ಹೂಂ. ನಿನ್ನ ಹೆಸರಿಲ್ಲ. ಹಾಗೆ ಬಗ್ಗಿ ನೋಡಬೇಡ, ನಾನು ತೆಗೆದಿದ್ದಲ್ಲ! ಅವರು ಕೊಟ್ಟಿದ್ದನ್ನ ಟೈಪ್ ಮಾಡಿದೆ ಅಷ್ಟೇ.

ಅಲ್ಲ ಥಿರ್ಜಾ, ನಾನೇನು ಊರೋರಿಗೆಲ್ಲ ನಿನ್ನ ಹತ್ರ ಮಾತಾಡಬೇಡಿ ಅಂದ್ನಾ? ಅಂಗಡೀಲಿ ಕೇಳಿದ್ರು, ಕಂಡಿದ್ದನ್ನ ಹೇಳಿದೆ. ನಾಯಿ ಕರ್ಕೊಂಡು ದಿನಾ ತೊರೆ ಮೇಲಿನ ಆ ಮರದ ಕಾಲುಸಂಕ ದಾಟಿ ಹೋಗೋಳು ನೀನು. ಜನವರಿಯಿಂದ ಅದನ್ನ ಬಿಟ್ಟು ರಸ್ತೆ ಬಳಸಿ ಹೋಗೋಕೆ ಶುರು ಮಾಡಿದೆ. ಹೌದೋ ಅಲ್ವೋ? ಅಂದ್ರೆ ಹಲಗೆ ಕೊಳೆತಿದೆ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ ಅಂದೆ. ಅಷ್ಟೇ ಅಂದಿದ್ದು. ಉಳಿದಿದ್ದನ್ನ ಅವರೇ ಸೇರಿಸ್ಕೊಂಡ್ರು.

ಏನಾದ್ರೂ ಮಾತಾಡು ಮಾರಾಯ್ತಿ! ಗೋಡೆ ಜೊತೆ ಮಾತಾಡ್ತಿದೀನಾ ನಾನು?

ಆವತ್ತು ಭಾನುವಾರ... ಹೊರಗೆಲ್ಲ ಬಿಳೀ ಹಿಮ ಕಟ್ಟಿತ್ತು. "ಮಫ್ಲರ್ ಹಾಕ್ಕೊ" ಅಂದೆ ಕ್ಲೆಮ್‌ಗೆ. "ಹಗ್ಗ ನಾಲ್ಕು ಸಲ ಎಳೆದ್ರೆ ಮೈ ಬೆಚ್ಚಗಾಗುತ್ತೆ ಬಿಡೇ" ಅಂದ. ಮೂವತ್ತೊಂದು ವರ್ಷ ಚರ್ಚಿನ ಗಂಟೆ ಬಾರಿಸಿದೋನು, ಗೋಪುರದ ಆರು ಗಂಟೆಗಳಲ್ಲಿ ನಾಲ್ಕನೇದರ ಹಗ್ಗ ಅವಂದು. ನಾನಿಲ್ಲಿ ಆಲೂಗೆಡ್ಡೆ ಹೆರೀತಾ ನಿಂತಿದ್ದೆ. ಗಂಟೆ ಶುರುವಾಯ್ತು. ಒಂದು, ಎರಡು, ಮೂರು... ಆಮೇಲೆ ಖಾಲಿ... ಆಮೇಲೆ ಐದು, ಆರು. ಒಂದು, ಎರಡು, ಮೂರು, ಖಾಲಿ. ದಾರೀಲಿ ಯಾರ ಹತ್ರಾನೋ ಹರಟೆ ಹೊಡೀತಾ ನಿಂತಿದಾನೆ ಅನ್ಕೊಂಡೆ. ಬೈಕೊಂಡೆ ಕೂಡ. ಅಷ್ಟು ಹೊತ್ತಿಗೆ ಅವನು ತೊರೇಲಿ... ಆ ಥಂಡಿ ನೀರಲ್ಲಿ, ಹಲಗೆ ಮಧ್ಯೆ ಕಾಲು ಸಿಕ್ಕಿ...

ಮುಟ್ಟಬೇಡ. ಕೈ ತೆಗಿ. ನಿನ್ನ ಮರುಕ ನನಗೆ ಬೇಕಿಲ್ಲ.

ಏನದು, ಚೀಟಿ? ಪತ್ರಿಕೆಗಾ? ಕೊಡು. ಕನ್ನಡಕ ಎಲ್ಲಿ... ಹಾಂ. "ಮಿಲ್ ಲೇನ್‌ನ ಮನೆ ಖಾಲಿ ಮಾಡುತ್ತಿದ್ದೇನೆ. ಈಸ್ಟರ್ ಆದ ಮೇಲೆ ತಂಗಿಯ ಊರಿಗೆ ಹೋಗುವೆ. ನಲವತ್ತು ವರ್ಷದ ಒಡನಾಟಕ್ಕೆ ಎಲ್ಲರಿಗೂ ವಂದನೆ. ಥಿರ್ಜಾ ಗೇಲ್." ಇಷ್ಟೇನಾ? ಹಿಂದೆ ಏನೂ ಬರೆದಿಲ್ವಾ? ಇಲ್ಲ... ಖಾಲಿ.

ಊರು ಬಿಡ್ತೀಯಾ? ಯಾಕೆ? ಹೂವಿನ ಪಟ್ಟೀಲಿ ಹೆಸರು ಬಿಡ್ತು ಅಂತಾನಾ? ಬುಧವಾರ ಊರೋರೆಲ್ಲ ಸೇರೋ ಊಟಕ್ಕೆ ನಿನ್ನ ಪಕ್ಕ ಯಾರೂ ಕೂರಲ್ಲ ಅಂತಾನಾ? ನಾಲ್ಕು ತಿಂಗಳು ಹೋದ್ರೆ ಮರೀತಾರೆ ಕಣೇ, ಈ ಜನ ಎಲ್ಲಾನೂ ಮರೀತಾರೆ... ಸರಿ, ಹಾಕ್ತೀನಿ. ನಾಲ್ಕು ಸಾಲು ತಾನೇ. ನಿಂದು ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ, ಓದೋಕೇ ಕಷ್ಟ. ಹೋದ ಸಲಾನೂ ಕಿಟಕಿ ಬೆಳಕಿಗೆ ಹಿಡಿದೇ ಓದಬೇಕಾಯ್ತು...

ಏನು?

ಯಾಕೆ ಹಾಗೆ ನೋಡ್ತೀಯ? ಹೋದ ಸಲ ಅಂದ್ರೆ... ಆಗಸ್ಟ್‌ದು. ಜ್ಯಾಮ್ ಸ್ಪರ್ಧೆ ಫಲಿತಾಂಶ ಬರೆದು ಕೊಟ್ಟಿದ್ಯಲ್ಲ, ಅದು. ನನ್ನ ಹುಳಿ ಪ್ಲಮ್ ಜ್ಯಾಮ್‌ಗೆ ಎರಡನೇ ಬಹುಮಾನ! ಏಳು ವರ್ಷ ಮೊದಲನೇದು ಬಂದಿದ್ದಕ್ಕೆ ನೀನು ತೀರ್ಪುಗಾರ್ತಿ ಆದ ವರ್ಷವೇ ಎರಡನೇದು. "ಸ್ವಲ್ಪ ಸೀದಿದೆ" ಅಂತ ಚೀಟಿ ಬೇರೆ ಅಂಟಿಸಿದೆ, ಇಡೀ ಊರು ಓದೋ ಹಾಗೆ...

ಏನಾದ್ರೂ ಹೇಳು.

ಹೇಳೇ! ಜನವರಿ ಇಪ್ಪತ್ತನಾಲ್ಕಕ್ಕೆ ನಮ್ಮನೆ ಬಾಗಿಲಲ್ಲಿ ಚೀಟಿ ಹಾಕಿ ಹೋದೆ ಅಂತ ಹೇಳು! ಆರು ವಾರದಿಂದ ಕಾಯ್ತಿದೀನಿ. ಅಂಗಡೀಲಿ ಹೇಳ್ತೀಯ, ಚರ್ಚಲ್ಲಿ ಹೇಳ್ತೀಯ, ಮಣ್ಣು ಮಾಡೋ ದಿನ ಎಲ್ಲರೆದುರಿಗೆ ನಿಂತು ಹೇಳ್ತೀಯ ಅಂತ ಎದೆ ಹಿಡ್ಕೊಂಡಿದ್ದೆ. ನೀನು ಹಿಂದಿನ ಬೆಂಚಲ್ಲಿ ಕೂತು ಅಳ್ತಾ ಇದ್ದೆ! ನನ್ನ ಗಂಡನಿಗೆ!

ಬಂದಿತ್ತು. ಆಯ್ತಾ? ಬಂದಿತ್ತು ನಿನ್ನ ಚೀಟಿ. "ಮಿಲ್ ಹತ್ತಿರದ ಕಾಲುಸಂಕದ ನಡುವಿನ ಹಲಗೆ ಕೊಳೆತಿದೆ. ಕೌನ್ಸಿಲ್‌ಗೆ ತಿಳಿಸಿದ್ದೇನೆ, ಮಾರ್ಚ್‌ನಲ್ಲಿ ಬರುತ್ತಾರಂತೆ. ಅಲ್ಲಿಯವರೆಗೆ ದಯವಿಟ್ಟು ರಸ್ತೆಯಲ್ಲೇ ಹೋಗಿ." ನೋಡು, ಬಾಯಿಪಾಠ. ಇವಳದ್ದು ಯಾವಾಗಲೂ ಒಂದು ದೂರು ಅನ್ಕೊಂಡೆ. ಒಮ್ಮೆ ಬೇಲಿ, ಒಮ್ಮೆ ಬೀದಿ ದೀಪ, ಈಗ ಹಲಗೆ. ಜಾಗ ಇಲ್ಲ ಅಂತ ಬಿಟ್ಟೆ. ಜಾಗ ಇತ್ತು. ಅಲ್ಲಿ ನಮ್ಮ ತೋಟದಲ್ಲಿ ಈ ವರ್ಷದ ಮೊದಲ ಸ್ನೋಡ್ರಾಪ್ ಹೂ ಬಿಡ್ತು ಅಂತ ಬರ್ಕೊಂಡೆ. ಆರು ಸಾಲು.

ಕ್ಲೆಮ್‌ಗಾದ್ರೂ ಹೇಳಬಹುದಿತ್ತಲ್ಲ ಅಂತ ತಾನೇ? ಕೇಳು ಮತ್ತೆ, ಕೇಳಲ್ವಾ? ಹೇಳಿದ್ರೆ ಅವನು "ಹಾಕು ಮತ್ತೆ" ಅಂತಿದ್ದ. ಅವನ ಸ್ವಭಾವ ಗೊತ್ತಲ್ಲ ನಿನಗೆ. "ಜ್ಯಾಮ್ ಜಗಳಾನ ಹಲಗೆ ಮೇಲೆ ತೀರಿಸ್ಕೋಬೇಡ ಮೇವಿಸ್, ಹಾಕು" ಅಂತಿದ್ದ. ಅದಕ್ಕೇ ಹೇಳಲಿಲ್ಲ. ಪತ್ರಿಕೆ ಮನೆಮನೆಗೆ ಹಂಚಿ ಬರ್ಲಿ, ಆಮೇಲೆ ಹೇಳಿದ್ರಾಯ್ತು ಅಂತ... ಹಂಚಿ ಬಂದ ಮೇಲೆ ಮರೆತೇಬಿಟ್ಟೆ. ನಿಜವಾಗ್ಲೂ ಮರೆತೆ ಕಣೇ. ಇದೊಂದನ್ನಾದ್ರೂ ನಂಬು.

ಮಣ್ಣು ಮಾಡಿ ಬಂದ ಸಂಜೆ ಒಲೆಗೆ ಹಾಕಿದೆ ಅದನ್ನ. ಇನ್ನು ನೀನು ಏನೇ ಹೇಳಿದ್ರೂ ಸಾಕ್ಷಿ ಇಲ್ಲ ಅಂತ ಧೈರ್ಯವಾಗಿತ್ತು. ಮಾರನೇ ದಿನವೇ ಅಂಗಡಿಗೆ ಹೋಗಿ ನಾನೇ ನಿನ್ನ ಹೆಸರು ಎತ್ತಿದೆ. ನೀನು ಬಾಯಿ ಬಿಡೋಕೆ ಮುಂಚೆ ನಾನು...

ಎದ್ಯಾ? ಯಾಕೆ? ಕೂತ್ಕೊ... ಬಯ್ಯು ಥಿರ್ಜಾ. ಒಂದು ಏಟು ಹಾಕಿ ಹೋಗು. ಕೈಗವಸು ಆಮೇಲೆ ಹಾಕ್ಕೊಳ್ಳುವಂತೆ. ನೀನೇ ಅವನನ್ನ ಕೊಂದೆ ಮೇವಿಸ್ ಅಂತ ಒಂದು ಸಲ, ಒಂದೇ ಸಲ ಬಾಯಿಬಿಟ್ಟು ಹೇಳು.

ನೀನು ಹೇಳಿದ್ರೆ, ಅಲ್ಲ ಅಂತ ಕೂಗೋಕಾದ್ರೂ ಆಗ್ತಿತ್ತು ನನಗೆ.