ಹಿಂದಿನ ಗೇಟಿಗೆ ಬಂದ ಬೀಗರು

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ ಪಕ್ಕದ ಶಾಲ್ಮಲಿ ಸೊಸಾಯಿಟಿಯ ಹಿರಿಯರಾದ ಶ್ರೀಕಂಠಯ್ಯನವರೇ, ನಮ್ಮ ವಸಾಹತಿನ ನಿವಾಸಿಗಳ ಸಂಘಕ್ಕೆ ಹೊಸದಾಗಿ ಅಧ್ಯಕ್ಷೆಯಾಗಿ ಆಯ್ಕೆಯಾಗಿರುವ ಸಾಬವ್ವನವರೇ, ಸೊಲ್ಲಾಪುರದಿಂದ ಬಂದು ಮೊದಲ ಸಾಲಿನಲ್ಲಿ ಕೂತಿರುವ ನನ್ನ ಬೀಗರಾದ ಮೋಹನದಾಸರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮುಖ ನನ್ನ ಕಡೆಗೂ ಮೂಗು ಅಡುಗೆಯ ಕಡೆಗೂ ಇರುವ ಸಭಿಕರೇ,

ಮರಾಠಿಯಲ್ಲಿ ಆಡಬೇಕಾದ ನಾಲ್ಕು ಮಾತು ಆಗಲೇ ಆಡಿ ಮುಗಿಸಿದ್ದೇನೆ. ಈಗ ಕನ್ನಡದಲ್ಲಿ ನಮ್ಮ ವಸಾಹತಿನ ಮೂವತ್ತೈದು ವರ್ಷಗಳ ಇತಿಹಾಸ ಹೇಳಬೇಕೆಂದು ಸಾಬವ್ವನವರ ಅಪ್ಪಣೆಯಾಗಿದೆ. ಮಾಜಿ ಅಧ್ಯಕ್ಷನಿಗೆ ಇತಿಹಾಸ ಬಿಟ್ಟರೆ ಇನ್ನೇನು ಉಳಿದಿರುತ್ತದೆ? ಇಪ್ಪತ್ತೆರಡು ವರ್ಷ ಈ ಸಂಘದ ಅಧ್ಯಕ್ಷನಾಗಿದ್ದೆ. ಕಳೆದ ತಿಂಗಳು ಮೊದಲ ಬಾರಿಗೆ ಚುನಾವಣೆಯಾಯಿತು. ನನ್ನ ಮನೆಯಲ್ಲಿ ನಾಲ್ಕು ಮತಗಳಿವೆ. ನನಗೆ ಬಂದದ್ದು ಮೂರು. ಈ ವಿಷಯವನ್ನು ನಾನು ಮನೆಯಲ್ಲಿ ವಿಚಾರಿಸಿಲ್ಲ, ವಿಚಾರಿಸುವುದೂ ಇಲ್ಲ. ಊಟ ಅಲ್ಲಿಯೇ ಆಗಬೇಕಲ್ಲ.

ಬಂಧುಗಳೇ, ಇತಿಹಾಸ ಎಲ್ಲಿಂದ ಶುರುವಾಗುತ್ತದೆ? ಸಾವಿರದ ಒಂಬೈನೂರ ತೊಂಬತ್ತರಲ್ಲಿ, ಕಾಲುವೆಯ ದಂಡೆಯ ತಗಡಿನ ಗುಡಿಸಲುಗಳಿಂದ ನಾವು ತೊಂಬತ್ತಾರು ಕುಟುಂಬಗಳು ಇಲ್ಲಿಗೆ ಬಂದೆವು. ಆಗ ಊರಂಚಿನ ಬಡಾವಣೆ ಕೋಥರೂಡ ಮುಗಿದ ಮೇಲೆ ಒಂದು ಗುಡ್ಡ, ಗುಡ್ಡ ಇಳಿದ ಮೇಲೆ ಪಾಲಿಕೆ ನಮಗಾಗಿ ಕಟ್ಟಿದ ಈ ನಾಲ್ಕು ಕಟ್ಟಡಗಳು. ಸುತ್ತ ಬರೀ ಹುಲ್ಲು. ಸುರಪುರದ ಕಡೆಯವರು, ಯಾದಗಿರಿಯವರು, ಆಳಂದದವರು, ಎಲ್ಲರೂ ಗಾರೆ ಕೆಲಸ, ಕಾರ್ಖಾನೆ ಕೆಲಸ ಮಾಡುವವರು. ಊರಿಗೆಲ್ಲ ಮಹಡಿ ಕಟ್ಟಿಕೊಟ್ಟಿದ್ದರೂ ಮಹಡಿಯ ಮೇಲೆ ಮಲಗಿ ಗೊತ್ತಿಲ್ಲದವರು. ಮೊದಲ ವಾರ ಮೂರನೆಯ ಅಂತಸ್ತಿನವರು ಮನೆಗೆ ಬೀಗ ಹಾಕಿ ಕೆಳಗೆ ಅಂಗಳದಲ್ಲಿಯೇ ಸಂಸಾರ ಮಾಡಿದರು. "ಮ್ಯಾಲೆ ಗಾಳಿ ಭಾಳ ಬಿಡತದರಿ" ಎನ್ನುತ್ತಿದ್ದರು. ಸಾಬವ್ವನವರು ಮಾತ್ರ ಬಂದ ದಿನವೇ ಎರಡನೆಯ ಅಂತಸ್ತಿಗೆ ಹತ್ತಿದರು, ಎರಡು ಆಡುಗಳ ಸಮೇತ.

ಆ ಆಡುಗಳ ವಂಶ ಇಪ್ಪತ್ತೊಂದು ವರ್ಷ ನಮ್ಮ ಮೆಟ್ಟಿಲುಗಳ ಮೇಲೆ ಬಾಳಿತು. ನಾನೊಬ್ಬ ಮಾತ್ರ ಪಾಲಿಕೆಯ ಕಚೇರಿಯಲ್ಲಿ ಗುಮಾಸ್ತ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆಡಿನ ಹಿಕ್ಕೆ ತುಳಿದುಕೊಂಡು ಕಚೇರಿಗೆ ಹೋಗುವುದು ನನಗೆ ಸರಿಬರಲಿಲ್ಲ. ಅಧ್ಯಕ್ಷನಾದ ಮೇಲೆ, ಎರಡು ಸಾವಿರದ ಏಳರಲ್ಲಿ, ಕಲಮುಗಳನ್ನು ಉಲ್ಲೇಖಿಸಿ, ಮೊಹರು ಹಾಕಿ, ಸಾಬವ್ವನವರಿಗೆ ಒಂದು ನೋಟೀಸು ಬರೆದೆ. ಸ್ವತಃ ಹೋಗಿ ಕೊಟ್ಟೆ. ಅವರು ಅದನ್ನು ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ನನ್ನೆದುರಿಗೇ ಆಡಿನ ಬಾಯಿಗೆ ಹಿಡಿದರು. ಅದು ಮೊಹರಿನ ಸಮೇತ ತಿಂದಿತು. "ನೋಟೀಸು ಮುಟ್ಟೇದರಿ ಗುಮಾಸ್ತರ" ಅಂದರು ಸಾಬವ್ವ. ಮುಂದೆ ನಾಲ್ಕು ವರ್ಷ ನಾವು ಮಾತು ಬಿಟ್ಟೆವು. ಅವರ ಗಂಡ ಹುಸೇನಪ್ಪ ಮಾತ್ರ ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದರು. ಅಗೋ, ಈಗಲೂ ನಗುತ್ತಿದ್ದಾರೆ.

ಇನ್ನು ಶಾಲ್ಮಲಿ. ಎರಡು ಸಾವಿರದ ನಾಲ್ಕರಲ್ಲಿ ನಮ್ಮ ಬೆನ್ನಿಗೆ ಹನ್ನೊಂದು ಅಂತಸ್ತಿನ ಆ ಕಟ್ಟಡ ಎದ್ದಿತು. ಕಟ್ಟಿದವರು ಯಾರು? ನಮ್ಮ ಹುಸೇನಪ್ಪ, ನಮ್ಮ ಜನ. ನಡುವಿನ ಗೋಡೆಯನ್ನು ಕಟ್ಟಿದವರೂ ನಮ್ಮವರೇ. ಗೋಡೆಯಲ್ಲಿ ಒಂದು ಸಣ್ಣ ಕಬ್ಬಿಣದ ಬಾಗಿಲು ಬಿಟ್ಟರು, ನಮ್ಮ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗಿಬರಲೆಂದು. ಸಾಬವ್ವನವರಿಗೆ ಅಲ್ಲಿ ಮೆಟ್ಟಿಲು ಒರೆಸುವ ಕೆಲಸ ಸಿಕ್ಕಿತು. ನನಗೆ ಏನು ಸಿಕ್ಕಿತು? ಒಂದು ಹೊಸ ವಿಳಾಸ ಸಿಕ್ಕಿತು.

ಇದನ್ನು ನಾನು ಕಾಗದದಲ್ಲಿ ಬರೆದುಕೊಂಡು ಬಂದಿಲ್ಲ. ಆದರೂ ಬಾಯಿಗೆ ಬಂತು, ಹೇಳಿಬಿಡುತ್ತೇನೆ. ಮೊದಲು ನಾನು ನನ್ನ ವಿಳಾಸವನ್ನು ಪಾಲಿಕೆ ವಸಾಹತು ಎಂದೇ ಬರೆಯುತ್ತಿದ್ದೆ. ಶಾಲ್ಮಲಿ ಎದ್ದ ಮೇಲೆ 'ಶಾಲ್ಮಲಿ ಸೊಸಾಯಿಟಿಯ ಹಿಂಭಾಗ, ಪಾಲಿಕೆ ವಸಾಹತು' ಎಂದು ಬರೆಯತೊಡಗಿದೆ. ಅಂಚೆಯವನಿಗೆ ಸುಲಭವಾಗಲಿ ಎಂದು. ಕೆಲವು ದಿನಗಳ ಮೇಲೆ ವಿಳಾಸ ಉದ್ದವಾಯಿತು ಅನ್ನಿಸಿ ಪಾಲಿಕೆ ವಸಾಹತನ್ನು ಬಿಟ್ಟೆ. ಆಮೇಲೆ 'ಹಿಂಭಾಗ' ಎನ್ನುವ ಮಾತನ್ನೂ ಬಿಟ್ಟೆ. ಸುಳ್ಳು ಬರೆದೆನೇ? ಇಲ್ಲ. ಬರೀ ಸಂಕ್ಷೇಪ ಮಾಡಿದೆ. ಗುಮಾಸ್ತರಿಗೆ ಅದು ಅಭ್ಯಾಸ.

ಎರಡು ಸಾವಿರದ ಹನ್ನೊಂದರಲ್ಲಿ ಮಗಳು ಮಾಯಾಳಿಗೆ ಗಂಡು ನೋಡುವಾಗ ಅವಳ ಮಾಹಿತಿಯ ಹಾಳೆಯಲ್ಲಿ ಆ ಸಂಕ್ಷಿಪ್ತ ವಿಳಾಸವನ್ನೇ ಹಾಕಿದೆ. ಮಾಯಾ ಕೇಳಿದಳು, "ಅಪ್ಪಾ, ಅಲ್ಲಿ ನಮ್ಮನಿ ಎಲ್ಲದ?" ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ. ಅನುಸೂಯಾ, ಅಂದರೆ ನನ್ನ ಮನೆಯವರು, ಅಷ್ಟೂ ಕೇಳಲಿಲ್ಲ. ಹಾಳೆ ಓದಿ ಮಡಿಸಿ ಇಟ್ಟು ಒಳಗೆ ಹೋದರು. ಆ ದಿನ ಸಾರಿಗೆ ಉಪ್ಪಿರಲಿಲ್ಲ.

ಸೊಲ್ಲಾಪುರದ ಮೋಹನದಾಸರು ಆ ಹಾಳೆ ನೋಡಿದರು. ಮಗ ಕಾರ್ತಿಕ ಕುರಕುಂಭದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದ. ಒಂದು ಭಾನುವಾರ ಹನ್ನೊಂದೂವರೆಗೆ ಬಸ್ಸಿನಲ್ಲಿ ಬರುತ್ತೇವೆ ಎಂದರು. ನಾನು ಎಲ್ಲ ಯೋಚನೆ ಮಾಡಿದ್ದೆ. ಬಸ್ ನಿಲ್ದಾಣದಲ್ಲಿ ನಾನೇ ಎದುರುಗೊಳ್ಳುವುದು. ಶಾಲ್ಮಲಿಯ ದೊಡ್ಡ ಗೇಟಿನಿಂದ ಒಳಗೆ ಕರೆತಂದು, ತೋಟದ ಕಾರಂಜಿಯ ಪಕ್ಕ ಹಾಯಿಸಿ, ಕಬ್ಬಿಣದ ಬಾಗಿಲು ದಾಟಿಸಿ, "ಇದು ನಮ್ಮ ಹಳೆಯ ವಿಂಗ್" ಎಂದುಬಿಡುವುದು. ಹತ್ತೂವರೆಗೇ ಇಸ್ತ್ರಿ ಅಂಗಿ ಹಾಕಿಕೊಂಡು ನಿಲ್ದಾಣಕ್ಕೆ ಹೋಗಿ ನಿಂತೆ. ಫೋನು ಮನೆಯಲ್ಲಿಯೇ ಚಾರ್ಜಿಗೆ ಹಾಕಿಟ್ಟು ಮರೆತಿದ್ದೆ.

ಒಂದು ಬಸ್ಸು ಬಂತು. ಇನ್ನೊಂದು ಬಂತು. ಇಳಿದವರಲ್ಲಿ ಯಾರೂ ಬೀಗರ ಹಾಗೆ ಕಾಣಲಿಲ್ಲ. ಒಬ್ಬರು ಮಾತ್ರ ಕಂಡರು, ಅವರಿಗೆ ನಮಸ್ಕಾರವನ್ನೂ ಮಾಡಿದೆ. ಅವರು ವಿಮೆಯ ಏಜೆಂಟು.

ಅತ್ತ ಏನಾಗಿತ್ತು? ಕಾರ್ತಿಕನ ಗೆಳೆಯನ ಜೀಪು ಸಿಕ್ಕಿದ್ದರಿಂದ ಬೀಗರು ಹತ್ತೂಮುಕ್ಕಾಲಿಗೇ ಬಂದು ನೇರ ಶಾಲ್ಮಲಿಯ ಗೇಟಿಗೆ ಇಳಿದಿದ್ದರು. ಕಾವಲಿನವನು ಪಟ್ಟಿ ನೋಡಿದ. ಮಹದೇವಪ್ಪ ಎನ್ನುವ ನನ್ನ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು? "ಅಸಾ ಕೋಣೀ ನಾಹೀ", ಅಂಥವರು ಯಾರೂ ಇಲ್ಲ, ಎಂದ. ಮೋಹನದಾಸರು ಹಾಳೆ ತೋರಿಸಿದರು. ಅವನು ತಲೆಯಾಡಿಸಿದ. ಅವರ ಜೊತೆ ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೀಪು ಹಿಂದಕ್ಕೆ ತಿರುಗುವುದರಲ್ಲಿತ್ತು.

ಅಷ್ಟರಲ್ಲಿ ಬಿ ವಿಂಗಿನ ಮೆಟ್ಟಿಲು ಒರೆಸಿ, ಕೈಯಲ್ಲಿ ಬಕೆಟ್ಟು ಹಿಡಿದು ಸಾಬವ್ವನವರು ಹೊರಗೆ ಬಂದರು. ಕನ್ನಡ ಕಿವಿಗೆ ಬಿತ್ತು, ನನ್ನ ಹೆಸರೂ ಬಿತ್ತು. ಅವರಿಗೆ ಓದಲು ಬರುವುದಿಲ್ಲ. ಆದರೆ ಆ ಹಾಳೆಯಲ್ಲಿ ನಾನು ಏನು ಬರೆದಿರಬೇಕೆಂದು ತಿಳಿಯಲು ಓದು ಬೇಕೇ? ಸಭಿಕರೇ, ಅವರ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ? ನಾಲ್ಕು ವರ್ಷದ ಸಿಟ್ಟು, ವೈರಿಯ ಮರ್ಯಾದೆ ಕೈಯಲ್ಲಿ. ನನ್ನ ಉತ್ತರ ನಿಮಗೆ ಹೇಳುವುದಿಲ್ಲ.

ಸಾಬವ್ವನವರು ಬಕೆಟ್ಟು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಹೀಗೆ ಹೇಳಿದರಂತೆ: "ಮಹದೇವಪ್ಪನವ್ರ ಮನಿಗೇನ್ರಿ? ನೀವು ಹಿಂದಿನ ಗೇಟಿಗಿ ಬಂದೀರಲ್ರಿ. ಇದು ನಮ್ಮ ಹಿಂದಿನ ಬಾಜು. ಬರ್ರಿ, ಮುಂದಕ್ಕ ಕರಕೊಂಡು ಹೋಗತೀನಿ."

ಹಾಗೆ ಹೇಳಿ ಕಬ್ಬಿಣದ ಬಾಗಿಲಿನಿಂದ ಅವರನ್ನು ನಮ್ಮ ಅಂಗಳಕ್ಕೆ ಕರೆತಂದರು. ಬಾಗಿಲಲ್ಲಿ ನಿಂತೇ, "ಅನುಸೂಯಾ, ಮಂದಿ ಬಂದಾರ, ಚಹಾ ಇಡು" ಎಂದು ಕೂಗಿದರು. ನಮ್ಮ ಮನೆಯಲ್ಲಿ ಇದ್ದವು ಎರಡು ಕುರ್ಚಿ, ಬಂದಿದ್ದವರು ಏಳು ಮಂದಿ. ಐದು ಮನೆಗಳಿಂದ ಐದು ಬಗೆಯ ಕುರ್ಚಿ ಬಂದವು. ಒಂದು ಮನೆಯಿಂದ ಅವಲಕ್ಕಿ, ಇನ್ನೊಂದರಿಂದ ಶೇಂಗಾ ಹೋಳಿಗೆ. ಹುಸೇನಪ್ಪ ಬೀಗರನ್ನು ಕಿಟಕಿಗೆ ಕರೆದೊಯ್ದು, "ಆ ಗ್ವಾಡಿ ನಾನೇ ಕಟ್ಟೀನ್ರಿ. ಒಂದು ಸೀಳು ಬಿಟ್ಟಿಲ್ಲ ನೋಡ್ರಿ" ಎಂದು ತೋರಿಸಿದರು. ಮಾಯಾ ಬಂದಳು, ಕಾರ್ತಿಕ ನೋಡಿದ, ಅವನೇನೋ ಕೇಳಿದ, ಇವಳೇನೋ ಹೇಳಿದಳು. ಹೆಣ್ಣು ನೋಡುವ ಶಾಸ್ತ್ರ ಪೂರ್ತಿ ಮುಗಿಯಿತು. ಹೆಣ್ಣಿನ ತಂದೆ ಮಾತ್ರ ಬಸ್ ನಿಲ್ದಾಣದಲ್ಲಿದ್ದ.

ಒಂದು ಗಂಟೆಗೆ ಸೋತು ಮನೆಗೆ ಬಂದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ನನ್ನ ಕುರ್ಚಿಯಲ್ಲಿ ಸಾಬವ್ವ. ಅಪರಿಚಿತರೊಬ್ಬರು ಎದ್ದು ನನ್ನ ಮನೆಯಲ್ಲಿ ನನಗೇ, "ಬರ್ರಿ, ಬರ್ರಿ, ಕೂಡ್ರಿ" ಎಂದರು. ಅವರೇ ಮೋಹನದಾಸರು. "ಇಲ್ಲಿಗಿ ಬರೋದು ಸರಳ ಆತ್ರಿ. ಹಿಂದಿನ ಗೇಟಿನ್ಯಾಗ ಈ ಅಕ್ಕಾರು ಸಿಕ್ಕರು" ಎಂದರು.

ಸಾಬವ್ವನವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಚಹಾ ಕುಡಿದು, "ಮೆಟ್ಟಲಾ ಇನ್ನೂ ಒಂದು ವಿಂಗಿಂದು ಉಳದದರಿ" ಎಂದು ಎದ್ದು ಹೋದರು.

ಮೋಹನದಾಸರು ನಮ್ಮ ಮನೆಯ ಗೋಡೆ ನೋಡಿದರು, ಮೇಲೆ ನೋಡಿದರು. ಕೊನೆಗೆ ಅವರೆಂದರು: "ಮೂವತ್ತು ವರ್ಷ ಗಿರಣಿ ಚಾಳಿನ್ಯಾಗ ಇದ್ದೀನ್ರಿ ನಾ. ಈಗ ಹೊಸಾ ಮನಿಗಿ ಹೋಗೀವಿ. ಅಲ್ಲಿ ಬಾಗಲಾ ಬಡದ್ರೂ ಯಾರೂ ಬರಂಗಿಲ್ಲ. ಇಲ್ಲಿ ನೋಡ್ರಿ, ಕರೀದೇನೆ ಹದಿನೆಂಟು ಮಂದಿ ಬಂದಾರ, ಅರ್ಧಾ ಅವಲಕ್ಕಿ ಅವರೇ ತಿಂದಾರ. ಹುಡುಗಿ ನಮಗ ಪಸಂದ ಅದ."

ಮದುವೆಯಾಯಿತು. ಮಾಯಾ ಸುಖವಾಗಿದ್ದಾಳೆ. ಕಥೆ ಇಲ್ಲಿಗೆ ಮುಗಿಸಬೇಕು. ಅನುಸೂಯಾ ಅಲ್ಲಿಂದ ಕೈಸನ್ನೆಯನ್ನೂ ಮಾಡುತ್ತಿದ್ದಾರೆ. ಆದರೆ ಮುಗಿಸಿದರೆ ಅದೂ ಒಂದು ಸಂಕ್ಷೇಪವಾಗುತ್ತದೆ.

ಮದುವೆಯಾಗಿ ಒಂದು ತಿಂಗಳಿಗೆ ನಾನು ಏನು ಮಾಡಿದೆ ಗೊತ್ತೇ? ಸಾಬವ್ವನವರಿಗೆ ಆಡುಗಳ ಬಗ್ಗೆ ಎರಡನೆಯ ನೋಟೀಸು ಕೊಟ್ಟೆ. ಧನ್ಯವಾದ ಹೇಳಬೇಕಾದ ಬಾಯಿ ಅದು, ನೋಟೀಸು ಓದಿತು. ಯಾಕೆ? ದಿನಾ ಬೆಳಿಗ್ಗೆ ಮೆಟ್ಟಿಲಲ್ಲಿ ಅವರು ಎದುರಾಗುತ್ತಿದ್ದರು. ಅವರಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾರೆ. ಅದನ್ನು ಸಹಿಸುವುದು ನನಗಾಗಲಿಲ್ಲ. ಜಗಳವಾಡಿದರೆ ಸಮವಾಗುತ್ತೇವೆ ಎಂದುಕೊಂಡೆ. ಅವರು ಜಗಳವಾಡಲಿಲ್ಲ. ನೋಟೀಸನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ವಾರವೇ ಆಡುಗಳನ್ನು ತಂಗಿಯ ಮನೆಗೆ ಕಳಿಸಿಬಿಟ್ಟರು. ಮೆಟ್ಟಿಲು ಶುಚಿಯಾಯಿತು. ಅಂಥ ಶುಚಿಯಾದ ಮೆಟ್ಟಿಲು ಇಳಿಯುವುದು ನನಗೆ ಎಷ್ಟು ಕಷ್ಟವಾಯಿತೆಂದು ಯಾರಿಗೆ ಹೇಳಲಿ? ಈ ನೋಟೀಸನ್ನೂ ಆಡು ತಿಂದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹದಿನಾಲ್ಕು ವರ್ಷ ಹೀಗೇ ಕಳೆದವು. ಕಳೆದ ತಿಂಗಳು ಚುನಾವಣೆಯಲ್ಲಿ ಸೋತ ಮೇಲೆ ಸಂಘದ ಬೀಗದ ಕೈಗಳನ್ನು ಕೊಡಲು ಅವರ ಮನೆಗೆ ಹೋದೆ. ಹುಸೇನಪ್ಪ ಮಣೆ ಹಾಕಿದರು. ಆಗ ಕೇಳಿದೆ. "ಸಾಬವ್ವ, ಅವತ್ತು ನನ್ನ ಸಲುವಾಗಿ ಯಾಕ ಸುಳ್ಳು ಹೇಳಿದ್ರಿ?"

ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ನಿಮ್ಮ ಸಲುವಾಗಿ ಎಲ್ಲದರಿ? ಮಾಯಾನ ಸಲುವಾಗಿ" ಎಂದರು. ಒಂದು ಕಲ್ಲು ಆರಿಸಿ ಎಸೆದು, "ಮತ್ತ ನಾ ಸುಳ್ಳೆಲ್ಲಿ ಹೇಳೀನ್ರಿ? ಮೊದಲ ಬಂದವರು ನಾವು. ನಾವು ಬಂದಾಗ ಇಲ್ಲಿ ಬರೀ ಹುಲ್ಲಿತ್ತು. ಅವರು ಹದಿನಾಕು ವರ್ಷದ ಮ್ಯಾಲೆ ಬಂದು ನಮ್ಮ ಹಿಂದ ಮನಿ ಕಟ್ಟಿಕೊಂಡಾರ. ಹಿಂದ ಇದ್ದಿದ್ದಕ್ಕ ಹಿಂದ ಅನ್ನಬೇಕಲ್ರಿ" ಎಂದರು.

ಶ್ರೀಕಂಠಯ್ಯನವರು ಬೇಸರ ಮಾಡಿಕೊಳ್ಳಬಾರದು. ಈ ಮಾತನ್ನು ಮೊನ್ನೆ ಅವರಿಗೆ ಹೇಳಿದಾಗ ತಮ್ಮ ಮೈಸೂರಿನ ಕನ್ನಡದಲ್ಲಿ, "ಅಯ್ಯೋ, ಇಪ್ಪತ್ತು ವರ್ಷದಿಂದ ನಾವೇ ಹಿಂದೆ ಇದೀವಿ ಅಂತ ಗೊತ್ತೇ ಇರಲಿಲ್ವಲ್ಲ" ಎಂದು ನಕ್ಕರು.

ಬಂಧುಗಳೇ, ಇದು ನಮ್ಮ ವಸಾಹತಿನ ಇತಿಹಾಸ. ಹಾಳೆ ತುಂಬ ಬರೆದುಕೊಂಡು ಬಂದದ್ದು ಜೇಬಿನಲ್ಲಿಯೇ ಉಳಿಯಿತು. ಸಾಬವ್ವನವರೇ, ಆ ದಿನಕ್ಕೆ ಇಂದು ಧನ್ಯವಾದ ಹೇಳುತ್ತಿದ್ದೇನೆ. ಎರಡನೆಯ ನೋಟೀಸಿಗೆ ಕ್ಷಮೆಯನ್ನೂ ಕೇಳುತ್ತಿದ್ದೇನೆ. ಮೋಹನದಾಸರೇ, ನಿಮಗೆ ಕೊಟ್ಟ ವಿಳಾಸ ಸರಿಯಿರಲಿಲ್ಲ. ನಾಚಿಕೆಪಟ್ಟು ಹಾಗೆ ಬರೆದಿದ್ದೆ. ಹದಿನಾಲ್ಕು ವರ್ಷ ನಿಮ್ಮ ಜೊತೆ ಒಂದೇ ಪಂಕ್ತಿಯಲ್ಲಿ ಉಂಡೂ ಇದನ್ನು ಹೇಳಲಿಲ್ಲ. ನಿಮಗೆ ಸಿಟ್ಟು ಬಂದಿದ್ದರೆ ಅದು ನ್ಯಾಯ.

ಬೀಗರು ಎದ್ದರು. ಬೀಗರೇ, ದಯವಿಟ್ಟು... ಊಟ ಮಾಡದೆ ಹೋಗಬೇಡಿ, ಮಾಯಾಳಿಗಾಗಿಯಾದರೂ...

ಇಲ್ಲ, ಅವರು ಬಾಗಿಲ ಕಡೆಗೆ ಹೋಗುತ್ತಿಲ್ಲ. ವೇದಿಕೆ ಹತ್ತುತ್ತಿದ್ದಾರೆ. ಸ್ವಲ್ಪ ದಾರಿ ಬಿಡಿ, ಅವರಿಗೆ ಮೊಣಕಾಲು ನೋವು. ಸಾಬವ್ವನವರ ಮುಂದೆ ನಿಂತಿದ್ದಾರೆ. ಕೈಮುಗಿದಿದ್ದಾರೆ. ಸಾಬವ್ವನವರೂ ಎದ್ದು ನಿಂತಿದ್ದಾರೆ. ಇಬ್ಬರೂ ನನ್ನ ಕಡೆ ನೋಡಿ ನಗುತ್ತಿದ್ದಾರೆ. ಏನು ಮಾತಾಡಿಕೊಂಡರೋ ಇಲ್ಲಿಗೆ ಕೇಳಿಸಲಿಲ್ಲ. ನನಗೆ ಕೇಳಿಸಬೇಕಾದ ಅಗತ್ಯವೂ ಇಲ್ಲ.

ಇಷ್ಟು ಹೊತ್ತು ಹಸಿವು ತಡೆದು ಕೂತು ಕೇಳಿದ ನಿಮ್ಮೆಲ್ಲರಿಗೂ, ಕೈಸನ್ನೆಯನ್ನು ಅರ್ಧಕ್ಕೇ ಕೈಬಿಟ್ಟ ಅನುಸೂಯಾ ಅವರಿಗೂ ನನ್ನ ವಂದನೆಗಳು. ಮೈಕನ್ನು ಅಧ್ಯಕ್ಷೆ ಸಾಬವ್ವನವರ ಕೈಗೆ ಕೊಡುತ್ತಿದ್ದೇನೆ. ನಮಸ್ಕಾರ.