ಕಂಚಿನ ಬಟ್ಟಲಲ್ಲಿ ಒಂದು ಹನಿ ಹರಳೆಣ್ಣೆ

ಮಾನ್ಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರಾದ ರಂಗರಾಜು ಅವರೇ, ನನ್ನ ತಮ್ಮನ ಮಗಳೂ ಈ ಶಾಲೆಯ ವಿಜ್ಞಾನ ಶಿಕ್ಷಕಿಯೂ ಆದ ಮಾನಸಾ, ಗುಬ್ಬಿಯ ಸಭಿಕರೇ, ಶಾಮಿಯಾನದ ನೆರಳು ಸಾಲದೆ ಬಿಸಿಲಲ್ಲಿ ಕುಳಿತ ಮಕ್ಕಳೇ,

ವಿಜ್ಞಾನ ವಸ್ತುಪ್ರದರ್ಶನಕ್ಕೆ ಏಳನೇ ಕ್ಲಾಸು ಓದಿದ ಈ ಪುಟ್ಟರಂಗಯ್ಯ ಏಕೆ ಅತಿಥಿ? ಹೇಳುತ್ತೇನೆ. ಊರ್ಡಿಗೆರೆ ಸುತ್ತ ಹತ್ತು ಹಳ್ಳಿಗೆ ನಾನು ಎಣ್ಣೆ ನೋಡುವ ಪುಟ್ಟರಂಗಯ್ಯ. ಕಂಚಿನ ಬಟ್ಟಲಲ್ಲಿ ನೀರು, ಅದರ ಮೇಲೆ ಒಂದೇ ಹನಿ ಹರಳೆಣ್ಣೆ. ಹರಡಿದರೆ ಕಾಯಿಲೆ ಓಡಿತು. ಗುಂಡಗೆ ನಿಂತರೆ ಆಳು ಉಳಿಯುವುದಿಲ್ಲ. ನಲವತ್ತು ವರ್ಷ, ಒಂದೂ ತಪ್ಪಿಲ್ಲ! ಡಾಕ್ಟರೇ ಗುಟ್ಟಾಗಿ ಬಂದು ತೋರಿಸಿಕೊಂಡಿದ್ದಾರೆ. ನಗಬೇಡಿ, ದನದ ಡಾಕ್ಟರಾದರೇನು, ಡಾಕ್ಟರಲ್ಲವೇ?

ಶಾಲು ಹೊದಿಸುವಾಗ ರಂಗರಾಜು ಮೇಷ್ಟ್ರು ನನ್ನ ಕೊರಳಿನ ಟವೆಲ್ ತೆಗೆಯಲು ಬಂದರು. ಬಿಡಲಿಲ್ಲ. ಶೀತ ಎಂದೆ. ಈ ಬಿಸಿಲಿನಲ್ಲಿ ಎಂಥ ಶೀತ? ಅದಕ್ಕೆ ಆಮೇಲೆ ಬರುತ್ತೇನೆ.

ಎರಡು ತಿಂಗಳ ಹಿಂದೆ ನನಗೆ ನಾನೇ ಎಣ್ಣೆ ನೋಡಿಕೊಂಡೆ. ಹನಿ ಗುಂಡಗೆ ನಿಂತಿತು. ಮೂರು ಸಲ ಬಿಟ್ಟೆ, ಮೂರು ಸಲವೂ ನಿಂತಿತು, ನನ್ನನ್ನೇ ನೋಡುವ ಕಣ್ಣಿನ ಹಾಗೆ. ಅಂದಿನಿಂದ ಮುದ್ದೆ ನುಂಗುವುದೂ ಭಯ, ಕಣ್ಣು ಮುಚ್ಚುವುದೂ ಭಯ. ಯಾರಿಗೆ ಹೇಳಲಿ? ಹತ್ತು ಹಳ್ಳಿಗೆ ಧೈರ್ಯ ಹೇಳಿದವನು!

ಹೋದ ವಾರ ಪ್ರದರ್ಶನಕ್ಕೆಂದು ಬಟ್ಟಲು ಕೇಳಲು ಮಾನಸಾ ಬಂದಳು. ತಡೆಯಲಾರದೆ, ಹನಿ ನಿಂತ ಸುದ್ದಿ ಅವಳಿಗೆ ಹೇಳಿಬಿಟ್ಟೆ.

"ದೊಡ್ಡಪ್ಪ, ಇದನ್ನ ಯಾತರಲ್ಲಿ ತೊಳೀತೀರ?"

"ಸೋಪಿನ ಪುಡೀಲಿ ಕಣಮ್ಮ. ಗ್ಯಾಸ್ ಬಂದ ಮೇಲೆ ಬೂದಿ ಎಲ್ಲೈತೆ?"

ಇವತ್ತು ಇಲ್ಲಿ ಮೇಜಿನ ಮೇಲೆ ತೋರಿಸಿದ್ದನ್ನೇ ಅಂದು ನಮ್ಮ ಅಡುಗೆಮನೆಯಲ್ಲಿ ತೋರಿಸಿದಳು. ನೀರಿನ ಮೇಲ್ಮೈ ತನ್ನನ್ನು ತಾನೇ ಬಿಗಿಯಾಗಿ ಎಳೆದುಕೊಂಡಿರುತ್ತದಂತೆ. ಅದೇ ಮೇಲ್ಮೈ ಎಳೆತ. ಅಳೆಯುವುದು ಹೇಗೆ? ಹನಿ ಎಣಿಸಿ! ಒಂದು ಮಿಲಿ ಬರೀ ನೀರು ಡ್ರಾಪರಿನಿಂದ ಇಪ್ಪತ್ತು ಹನಿಗೆ ಮುಗಿಯಿತು. ಸೋಪು ನೀರು ಮೂವತ್ತೆಂಟಕ್ಕೆ ಹೋಯಿತು. ಎಳೆತ ಕಮ್ಮಿಯಾದರೆ ದೊಡ್ಡ ಹನಿಯನ್ನು ಹಿಡಿದಿಡಲು ಬಲವಿಲ್ಲ, ಚಿಕ್ಕದಿರುವಾಗಲೇ ಉದುರುತ್ತದೆ. ಅಂಥ ನೀರು ಎಣ್ಣೆಯನ್ನೂ ಎಳೆದು ಹರಡಲಾರದು. ಅಂಟಿದ ಸೋಪು ಪೂರ್ತಿ ಹೋಗುವಂತೆ ಬಟ್ಟಲನ್ನು ಬಿಸಿನೀರಲ್ಲಿ ಏಳು ಸಲ ಜಾಲಿಸಿ ಹನಿ ಬಿಟ್ಟಳು. ಹರಡಿಯೇ ಹರಡಿತು!

"ನೋಡ್ದೇನಮ್ಮ, ನಾನು ಸಾಯಕಿಲ್ಲ!" ಎಂದು ಕುಣಿದೆ.

"ದೊಡ್ಡಪ್ಪ, ಅದು ಬಟ್ಟಲಿನ ವಿಷ್ಯ ಹೇಳ್ತು. ನಿಮ್ಮ ವಿಷ್ಯ ಅದಕ್ಕೇನು ಗೊತ್ತು?"

ಸಭಿಕರೇ, ಆಗ ಬಂದ ಭಯವೇ ಬೇರೆ. ಹನ್ನೆರಡು ವರ್ಷದ ಹಿಂದೆ ನನ್ನ ಹೆಂಡತಿ ಹನುಮಂತಮ್ಮ, "ಎದೇಲಿ ಗಂಟೈತೆ ಕಣ್ರೀ, ತುಮಕೂರಿಗೆ ಹೋಗಾಣ" ಅಂದಿದ್ದಳು. ಬಟ್ಟಲು ತಂದೆ. ಎಣ್ಣೆ ಚೆನ್ನಾಗಿ ಹರಡಿತು. "ಏನೂ ಇಲ್ಲ ಬುಡು" ಅಂದೆ. ವರ್ಷ ತುಂಬುವ ಮೊದಲೇ ಹೋಗಿಬಿಟ್ಟಳು. ಒಂದೂ ತಪ್ಪಿಲ್ಲ ಎಂದೆನಲ್ಲ, ಅವಳನ್ನು ಬಿಟ್ಟು ಹೇಳುತ್ತಿದ್ದೆ. ಅಂದು ಆ ಬಟ್ಟಲನ್ನು ಬೂದಿ ಹಾಕಿ ಬೆಳಗಿ, ನಾಲ್ಕು ನೀರಲ್ಲಿ ತೊಳೆದು ಕೊಟ್ಟವಳೂ ಅವಳೇ.

ಟವೆಲ್ ತೆಗೆಯುತ್ತಿದ್ದೇನೆ. ನೋಡಿ, ಕಿವಿಯ ಕೆಳಗೆ, ಗೋಲಿ ಗಾತ್ರದ ಗಂಟು. ಬಟ್ಟಲು ಶಾಲೆಯಲ್ಲೇ ಇರಲಿ. ಮಾನಸಾ, ಈಗಲೇ ತುಮಕೂರಿನ ಬಸ್ಸು ಹತ್ತೋಣ, ಜೊತೆಗೆ ಬಾರಮ್ಮ. ಒಬ್ಬನೇ ಹೋಗಲು ಕಾಲು ಬರುತ್ತಿಲ್ಲ.

ಶಾಲಿಗೂ ಹಾರಕ್ಕೂ, ಕೊನೆಕೊನೆಗೆ ನಗದೆ ಕೇಳಿದ್ದಕ್ಕೂ ನಿಮ್ಮೆಲ್ಲರಿಗೂ ವಂದನೆ. ನಮಸ್ಕಾರ.